ಲಾಕ್ ಆಗಿದೆ, ಆದರೂ ಹೆಲಿಕಾಪ್ಟರ್ ಬೀಳುತ್ತಿಲ್ಲ!

ಓದುಗರ ಪ್ರಶ್ನೆ: ಗೇಮಿಂಗ್

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಉತ್ತರ ಕನ್ನಡದವು. ಮಳೆ ರಜೆಯ ಪ್ರಭಾವ ಇರಬೇಕು. ದೂರು ಕೂಡ ಹೆಚ್ಚುಕಡಿಮೆ ಒಂದೇ: ಮಿಲಿಟರಿ ಗೇಮ್‌ಗಳಲ್ಲಿ ಹೆಗಲ ಮೇಲಿಟ್ಟು ಹಾರಿಸುವ ವಿಮಾನ ನಿರೋಧಕ ಕ್ಷಿಪಣಿ ಕೈಕೊಡುತ್ತದೆ.

ಆರ್ಮಾ 3ರಲ್ಲಿ ಟೈಟನ್ ಲಾಂಚರ್ ಹೊತ್ತು ಕಾಯುತ್ತೇನೆ. ಹೆಲಿಕಾಪ್ಟರ್ ಒಮ್ಮೊಮ್ಮೆ ಕೂಡಲೇ ಲಾಕ್ ಆಗುತ್ತದೆ (ಕ್ಷಿಪಣಿ ಗುರಿಯನ್ನು ಗುರುತು ಹಿಡಿಯುತ್ತದೆ), ಒಮ್ಮೊಮ್ಮೆ ಕಣ್ಣೆದುರೇ ಇದ್ದರೂ ಆಗುವುದಿಲ್ಲ. ಕಾರಣವೇನು? (ಕಾರವಾರ)

ಮೊದಲು ನಿಮ್ಮ ಹೆಗಲ ಮೇಲಿರುವುದು ಯಾವ ಟೈಟನ್ ಎಂದು ನೋಡಿಕೊಳ್ಳಿ. ಟೈಟನ್ ಎಂಪಿಆರ್‌ಎಲ್ ಹೆಸರಿನಲ್ಲಿ ಎರಡು ಲಾಂಚರ್‌ಗಳಿವೆ. 'ಕಾಂಪ್ಯಾಕ್ಟ್' ಎಂದಿರುವುದು ಟ್ಯಾಂಕ್ ಮತ್ತು ಕಾಲಾಳುಗಳ ಮೇಲೆ ಹಾರಿಸಲು, ಅದಕ್ಕೆ ಎಟಿ ಮತ್ತು ಎಪಿ ಕ್ಷಿಪಣಿ. ವಿಮಾನಕ್ಕೆ ಬೇಕಾದದ್ದು 'ಕಾಂಪ್ಯಾಕ್ಟ್' ಎಂದಿಲ್ಲದ ಲಾಂಚರ್ ಮತ್ತು 'ಎಎ' (ವಿಮಾನ ನಿರೋಧಕ) ಕ್ಷಿಪಣಿ. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಆರ್ಸೆನಲ್‌ನಲ್ಲಿ (ಆಯುಧ ಆರಿಸಿಕೊಳ್ಳುವ ಪರದೆ) ಅವಸರದಿಂದ ಸಾಮಾನು ತುಂಬಿಕೊಂಡವರು ಎಡವುವುದು ಇಲ್ಲೇ.

ಕ್ರಮ ಹೀಗೆ: ದುರ್ಬೀನಿನಲ್ಲಿ ಗುರಿಯನ್ನು ನಡುವಿಗೆ ತನ್ನಿ, 'ಟಿ' ಕೀ ಒತ್ತಿ, ಚೌಕ ಮೂಡಿದ ಮೇಲೆ ಗುರಿ ಕದಲದಂತೆ ಹಿಡಿದಿರಿ, ಬೀಪ್ ಸದ್ದು ಬದಲಾಗುವವರೆಗೆ ಕಾಯಿರಿ, ಆಮೇಲೆ ಹಾರಿಸಿ. ಈ ಲಾಂಚರ್ ಲಾಕ್ ಇಲ್ಲದೆಯೂ ಹಾರುತ್ತದೆ, ಅದೇ ತೊಂದರೆ. ಬೀಪ್ ಶುರುವಾದದ್ದೇ ತಡ ಗುಂಡಿ ಒತ್ತಿದರೆ ಕ್ಷಿಪಣಿ ದೀಪಾವಳಿ ರಾಕೆಟ್ಟಿನಂತೆ ನೆಟ್ಟಗೆ ಹೋಗಿಬಿಡುತ್ತದೆ.

ನೀವು ಹೇಳಿದ 'ಒಮ್ಮೊಮ್ಮೆ'ಗೆ ಬೇರೆಯೇ ಕಾರಣವಿದೆ. 2017ರ ಜೆಟ್ಸ್ ಅಪ್‌ಡೇಟ್ ಬಂದಾಗ ಗೇಮ್‌ನ ಸೆನ್ಸರ್ ವ್ಯವಸ್ಥೆಯನ್ನೇ ಹೊಸದಾಗಿ ಕಟ್ಟಿದರು. ಈಗ ಗುರಿಯ ಹಿಂದೆ ಬರೀ ಆಕಾಶವಿದ್ದಾಗ ಸೆನ್ಸರಿಗೆ ಅದು ಕಾಣುವ ದೂರ ಒಂದು, ನೆಲ ಅಥವಾ ಗುಡ್ಡವಿದ್ದಾಗ ಇನ್ನೊಂದು. ಎರಡನೆಯದು ಕಡಿಮೆ. ಸದಾಶಿವಗಡದ ಗುಡ್ಡಕ್ಕೆ ಬೆನ್ನು ಹಚ್ಚಿ ಹಾರುವ ಹೆಲಿಕಾಪ್ಟರನ್ನು ಕೆಳಗೆ ನಿಂತು ನೋಡಿದಂತೆ ಊಹಿಸಿಕೊಳ್ಳಿ. ಅದೇ ಹೆಲಿಕಾಪ್ಟರ್ ಸಮುದ್ರದ ಮೇಲಿನ ಬಾನಿಗೆ ಬಂದರೆ ಕಣ್ಣಿಗೇ ಎದ್ದು ಕಾಣುತ್ತದೆ. ಹಾಗಾಗಿ ಎತ್ತರದಲ್ಲಿ ಕೂತು ಕೆಳಕ್ಕೆ ಗುರಿಯಿಡುವ ಚಟ ಬಿಡಿ. ಕಣಿವೆಯಲ್ಲಿ ನಿಂತು ಮೇಲಕ್ಕೆ ನೋಡಿದರೆ ಲಾಕ್ ಬೇಗ ಸಿಗುತ್ತದೆ. ಇಂಜಿನ್ ಆರಿಸಿ ಬಹಳ ಹೊತ್ತಿನಿಂದ ನಿಂತ ಹೆಲಿಕಾಪ್ಟರ್ ತಣ್ಣಗಾಗಿರುತ್ತದೆ, ಶಾಖ ಹುಡುಕುವ ಸೆನ್ಸರಿಗೆ ಅದು ಕಾಣುವುದೇ ಇಲ್ಲ.

ಹಳೆಯ ಕಂಪ್ಯೂಟರ್ ಇದ್ದರೆ ವಿಡಿಯೊ ಸೆಟ್ಟಿಂಗ್ಸ್‌ನಲ್ಲಿ 'ಆಬ್ಜೆಕ್ಟ್' ದೂರವನ್ನೂ ಪರೀಕ್ಷಿಸಿ. ಗೇಮ್ ತಡೆತಡೆದು ಓಡುತ್ತದೆಂದು ಅದನ್ನು 800 ಮೀಟರಿಗೆ ಇಳಿಸಿದ್ದರೆ, 1,500 ಮೀಟರ್ ದೂರದ ಹೆಲಿಕಾಪ್ಟರ್ ಪರದೆಯ ಮೇಲೆ ಮೂಡುವುದೇ ಇಲ್ಲ. ನೆರಳು, ಹುಲ್ಲು ಇವನ್ನು ಕಡಿಮೆ ಮಾಡಿ, ಈ ದೂರವನ್ನು ಉಳಿಸಿಕೊಳ್ಳಿ.

ಬ್ಯಾಟಲ್‌ಫೀಲ್ಡ್ 4ರಲ್ಲಿ ಸ್ಟಿಂಗರ್ ಒಳ್ಳೆಯದೋ ಇಗ್ಲಾ ಒಳ್ಳೆಯದೋ? ಯಾವುದು ಹಾರಿಸಿದರೂ ಎದುರಾಳಿ ಫ್ಲೇರ್ (ಕ್ಷಿಪಣಿಯನ್ನು ದಾರಿ ತಪ್ಪಿಸುವ ಬೆಂಕಿಯುಂಡೆ) ಬಿಟ್ಟು ಪಾರಾಗುತ್ತಾನೆ. (ಅಂಕೋಲಾ)

ಎರಡೂ ಇಂಜಿನಿಯರ್ ಪಾತ್ರದ ಆಯುಧಗಳೇ. ಸ್ಟಿಂಗರ್ ಬಿಟ್ಟ ಮೇಲೆ ಅದರ ಪಾಡಿಗೆ ಅದು ಹೋಗುತ್ತದೆ, ನೀವು ಗೋಡೆಯ ಮರೆಗೆ ಸರಿಯಬಹುದು. ಇಗ್ಲಾ ಹೆಚ್ಚು ದೂರದಿಂದ ಲಾಕ್ ಆಗುತ್ತದೆ, ಆದರೆ ತಗಲುವವರೆಗೂ ಗುರಿಯನ್ನು ಹಿಡಿದೇ ಇರಬೇಕು. ಅಷ್ಟು ಹೊತ್ತು ಬಯಲಲ್ಲಿ ನಿಂತವನ ತಲೆ ಎದುರಿನ ಸ್ನೈಪರಿಗೆ ಸುಲಭದ ತುತ್ತು. ಕಟ್ಟಡಗಳ ನಡುವಿನ ಮ್ಯಾಪ್‌ಗೆ ಸ್ಟಿಂಗರ್, ಪಾರಾಸೆಲ್ ಸ್ಟಾರ್ಮ್‌ನಂಥ ತೆರೆದ ಸಮುದ್ರದ ಮ್ಯಾಪ್‌ಗೆ ಇಗ್ಲಾ ಎಂಬುದು ನಮ್ಮ ಅಭಿಪ್ರಾಯ.

ಫ್ಲೇರ್ ವಿಷಯಕ್ಕೆ ಬಂದರೆ, ನೀವು ಮಾಡುತ್ತಿರುವ ತಪ್ಪು ಲಾಕ್ ಆದ ತಕ್ಷಣ ಹಾರಿಸುವುದು. ಲಾಕ್ ಆಗುತ್ತಲೇ ಪೈಲಟ್‌ನ ಕಿವಿಯಲ್ಲಿ ಎಚ್ಚರಿಕೆಯ ಸದ್ದು ಮೊಳಗುತ್ತದೆ. ಹೊಸಬನಾದರೆ ಗಾಬರಿಯಾಗಿ ಫ್ಲೇರ್ ಬಿಟ್ಟುಬಿಡುತ್ತಾನೆ. ನೀವು ಹಾರಿಸದೆ ಲಾಕನ್ನಷ್ಟೇ ಹಿಡಿದಿಡಿ. ಫ್ಲೇರ್ ಹಾರಿ, ಅದರ ಹೊಗೆ ಕರಗಿದ ಮೇಲೆ ಮತ್ತೆ ಲಾಕ್ ಮಾಡಿ, ಆಗ ಬಿಡಿ. ಫ್ಲೇರ್ ಮತ್ತೆ ತುಂಬಿಕೊಳ್ಳಲು ಹೊತ್ತು ಹಿಡಿಯುತ್ತದೆ, ಆ ಬಿಡುವೇ ನಿಮ್ಮದು. ಅನುಭವಿ ಪೈಲಟ್ ಕ್ಷಿಪಣಿ ಹೊರಟದ್ದು ಖಚಿತವಾಗುವವರೆಗೆ ಫ್ಲೇರ್ ಮುಟ್ಟುವುದಿಲ್ಲ. ಅವನನ್ನು ಕೆಡವಲು ಇಬ್ಬರು ಬೇಕು. ಮೊದಲನೆಯವನು ಹಾರಿಸಿ ಫ್ಲೇರ್ ಖಾಲಿ ಮಾಡಿಸಲಿ, ಎರಡನೆಯವನು ಮೂರೆಣಿಸಿ ಹಾರಿಸಲಿ. ಪಕ್ಕದಲ್ಲಿ ಮದ್ದುಪೆಟ್ಟಿಗೆ ಇಡುವ ಸಪೋರ್ಟ್ ಆಟಗಾರ ಒಬ್ಬನಿದ್ದರೆ ಆಕಾಶ ನಿಮ್ಮದೇ.

ಫ್ಲೇರೇ ಕಾಣದೆ ಲಾಕ್ ಹಿಡಿಯುತ್ತಲೇ ಇಲ್ಲವೆಂದಾದರೆ ಎದುರಾಳಿಯ ಹತ್ತಿರ ಲಾಕ್ ತಡೆಯುವ ಇಸಿಎಂ ಜಾಮರ್ ಇದೆ. ಅದೂ ಕೆಲವೇ ಸೆಕೆಂಡಿನದು. ಗುರಿ ಬಿಡದೆ ಕಾಯಿರಿ.

ಮಳೆ ಹಿಡಿದರೆ ನಮ್ಮೂರಲ್ಲಿ ಪಿಂಗ್ (ಸರ್ವರಿಗೆ ಸಂದೇಶ ಹೋಗಿ ಬರಲು ಹಿಡಿಯುವ ಸಮಯ) 60ರಿಂದ 200 ಮಿಲಿಸೆಕೆಂಡಿಗೆ ಏರುತ್ತದೆ. ಕ್ಷಿಪಣಿ ತಪ್ಪುವುದು ಇದರಿಂದಲೇ? (ಸಿದ್ದಾಪುರ)

ಅಷ್ಟಾಗಿ ಅಲ್ಲ. ಗಂಟೆಗೆ 216 ಕಿ.ಮೀ. ವೇಗದ ಹೆಲಿಕಾಪ್ಟರ್ ಸೆಕೆಂಡಿಗೆ 60 ಮೀಟರ್ ಹೋಗುತ್ತದೆ, 200 ಮಿಲಿಸೆಕೆಂಡಿನಲ್ಲಿ 12 ಮೀಟರ್. ಬಂದೂಕಿನ ಗುಂಡಿಗೆ ಅದು ದೊಡ್ಡ ಅಂತರ, ದಾರಿಯಲ್ಲೇ ತಿದ್ದಿಕೊಳ್ಳುವ ಕ್ಷಿಪಣಿಗೆ ಅಲ್ಲ. ಕಾಡುವುದು ದಾರಿಯಲ್ಲಿ ಡೇಟಾದ ತುಣುಕು (ಪ್ಯಾಕೆಟ್) ಕಳೆದುಹೋಗುವುದು: ಗುರಿ ಪರದೆಯ ಮೇಲೆ ಜಿಗಿಯುತ್ತದೆ, ನೀವು ಹಿಂದೆ ಬೀಳುತ್ತೀರಿ, ಲಾಕ್ ಮತ್ತೆ ಮೊದಲಿನಿಂದ. ವೈಫೈ ಬಿಟ್ಟು ಲ್ಯಾನ್ ಕೇಬಲ್ ಎಳೆಯಿರಿ, ನಮ್ಮ ಕಡೆಯ ಕೆಂಪುಕಲ್ಲಿನ ದಪ್ಪ ಗೋಡೆ ಸಿಗ್ನಲ್ಲಿಗೆ ಒಳ್ಳೆಯದಲ್ಲ. ಇನ್ವರ್ಟರಿಗೆ ರೂಟರ್ ಜೊತೆ ಫೈಬರ್ ಬಂದು ಸೇರುವ ಪೆಟ್ಟಿಗೆಯನ್ನೂ ಜೋಡಿಸಿ. ಒಂದನ್ನೇ ಜೋಡಿಸಿ ಕರೆಂಟ್ ಹೋದಾಗ ಕಂಪನಿಯವರನ್ನು ಬೈಯುವವರೇ ಹೆಚ್ಚು.

ಕಾಲೇಜು ಪ್ರಾಜೆಕ್ಟಿಗೆ ಗೋಡೋ ಇಂಜಿನ್‌ನಲ್ಲಿ ಗೇಮ್ ಮಾಡುತ್ತಿದ್ದೇನೆ. ಹೆಗಲಿನಿಂದ ಬಿಟ್ಟ ಕ್ಷಿಪಣಿ ಹೆಲಿಕಾಪ್ಟರನ್ನು ಹೊಡೆಯದೆ ಅದರ ಸುತ್ತ ಪ್ರದಕ್ಷಿಣೆ ಹಾಕುತ್ತದೆ. ಹತ್ತಿರ ಬಂದರೂ ಕೆಲವು ಸಲ ಆರಪಾರಾಗಿ ಹೋಗುತ್ತದೆ. (ಶಿರಸಿ)

ಎರಡು ಬೇರೆ ಬೇರೆ ರೋಗಗಳು. ಪ್ರದಕ್ಷಿಣೆಗೆ ಕಾರಣ ತಿರುಗುವ ತ್ರಿಜ್ಯ. ವೇಗವನ್ನು ತಿರುಗುವ ವೇಗದಿಂದ ಭಾಗಿಸಿದರೆ ತ್ರಿಜ್ಯ ಸಿಗುತ್ತದೆ. ನೀವು ಕ್ಷಿಪಣಿಗೆ ಸೆಕೆಂಡಿಗೆ 300 ಮೀಟರ್ ವೇಗ, 60 ಡಿಗ್ರಿ ತಿರುವು ಕೊಟ್ಟಿದ್ದೀರಿ ಎಂದುಕೊಳ್ಳಿ. 60 ಡಿಗ್ರಿ ಅಂದರೆ ಸುಮಾರು 1.05 ರೇಡಿಯನ್, ತ್ರಿಜ್ಯ 286 ಮೀಟರ್. ಆ ವೃತ್ತದ ಒಳಗಿರುವ ಗುರಿಯನ್ನು ಅದು ಎಷ್ಟು ಸುತ್ತಿದರೂ ಮುಟ್ಟಲಾರದು. ತಿರುವನ್ನು 180 ಡಿಗ್ರಿಗೆ ಏರಿಸಿದರೆ ತ್ರಿಜ್ಯ 95 ಮೀಟರಿಗೆ ಇಳಿಯುತ್ತದೆ, ಆದರೆ ಬಡಪಾಯಿ ಪೈಲಟ್‌ಗೆ ತಪ್ಪಿಸಿಕೊಳ್ಳುವ ದಾರಿಯೇ ಇರುವುದಿಲ್ಲ.

ಅದಕ್ಕಿಂತ ಒಳ್ಳೆಯ ಉಪಾಯ ಗುರಿ ಈಗ ಇರುವಲ್ಲಿಗೆ ಮೂತಿ ತಿರುಗಿಸುವುದನ್ನು ಬಿಡುವುದು. ಬೇಲೆಕೇರಿಯಲ್ಲೋ ತದಡಿಯಲ್ಲೋ ಬೋಟು ನಡೆಸುವವರನ್ನು ಕೇಳಿ: ಅಡ್ಡ ಬರುವ ಬೋಟು ನಿಮ್ಮಿಂದ ಒಂದೇ ದಿಕ್ಕಿನಲ್ಲಿ ನಿಂತಂತೆ ಕಂಡು ದೊಡ್ಡದಾಗುತ್ತಾ ಬಂದರೆ ಢಿಕ್ಕಿ ಖಚಿತ. ಕ್ಷಿಪಣಿಗೆ ಬೇಕಾದದ್ದು ಆ ಢಿಕ್ಕಿಯೇ. ಕ್ಷಿಪಣಿಯಿಂದ ಗುರಿಗೆ ಎಳೆದ ಗೆರೆ ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂದು ಪ್ರತಿ ಹೆಜ್ಜೆಗೂ ಲೆಕ್ಕ ಹಾಕಿ, ಅದರ ಮೂರರಿಂದ ಐದು ಪಟ್ಟು ವೇಗದಲ್ಲಿ ಕ್ಷಿಪಣಿಯ ದಿಕ್ಕು ತಿರುಗಿಸಿ. ಮೂರರಿಂದ ಶುರು ಮಾಡಿ. ಐದು ದಾಟಿದರೆ ಸಣ್ಣ ಅಲುಗಾಟಕ್ಕೂ ಕ್ಷಿಪಣಿ ಹಾವಿನಂತೆ ನುಲಿಯುತ್ತದೆ. ಗುರಿ ದಾಟಿ ಹಿಂದೆ ಬಿದ್ದ ಮೇಲೆ ಬೆನ್ನಟ್ಟುವುದನ್ನು ನಿಲ್ಲಿಸಿ, ಹತ್ತು ಸೆಕೆಂಡಿಗೆ ತಾನಾಗಿ ಸಿಡಿಯುವಂತೆ ಮಾಡಿ.

ಆರಪಾರಾಗುವ ರೋಗ ಇನ್ನೂ ಸರಳ. ಗೋಡೋ ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ ಭೌತಿಕ ಲೆಕ್ಕ ಹಾಕುತ್ತದೆ. 300 ಮೀಟರ್ ವೇಗದ ವಸ್ತು ಒಂದು ಲೆಕ್ಕದಿಂದ ಇನ್ನೊಂದಕ್ಕೆ 5 ಮೀಟರ್ ನೆಗೆಯುತ್ತದೆ. ಒಂದು ಮೀಟರ್ ದಪ್ಪದ ಬಾಲವನ್ನು ಅದು ಹಾಗೇ ದಾಟಿರುತ್ತದೆ. ಹಿಂದಿನ ಜಾಗದಿಂದ ಈಗಿನ ಜಾಗಕ್ಕೆ ಪ್ರತಿ ಸಲ ಒಂದು ರೇಕಾಸ್ಟ್ ಕಿರಣ ಬಿಟ್ಟು ನೋಡಿ, ಜೊತೆಗೆ ಗುರಿಗೆ ಮೂರು ಮೀಟರ್ ಹತ್ತಿರವಾದರೆ ಸಿಡಿಯಲಿ. ಲಾಕ್ ಪರೀಕ್ಷೆಯ ಕಿರಣಕ್ಕೆ ಅಡಕೆ ಮರದ ಸೋಗೆಗಳು ಅಡ್ಡ ಬರದಂತೆ ಅವನ್ನು ಬೇರೆ ಲೇಯರಿಗೆ ಹಾಕಿ. ಇಲ್ಲವಾದರೆ ನಿಮ್ಮ ತೋಟದೊಳಗೆ ನಿಂತವನಿಗೆ ಲಾಕ್ ಸಿಗುವುದೇ ಇಲ್ಲ. ಕ್ಷಿಪಣಿ ಬಾಲ ಮುಂದಾಗಿ ಹಾರುವುದು ಕಂಡರೆ ಗಾಬರಿಯಾಗಬೇಡಿ: ಗೋಡೋದಲ್ಲಿ 'ಮುಂದೆ' ಅಂದರೆ ಜಡ್ ಅಕ್ಷದ ಋಣ ದಿಕ್ಕು, ಮಾಡೆಲನ್ನು 180 ಡಿಗ್ರಿ ತಿರುಗಿಸಿ.

ಕಾರವಾರ ಬೀಚಿನಲ್ಲಿರುವ ಐಎನ್‌ಎಸ್ ಚಪಲ್ ಹಡಗಿನ ಮಿಸೈಲೂ ಇದೇ ಜಾತಿಯದಾ? (ಕಾರವಾರ, 8ನೇ ತರಗತಿ)

ಅಲ್ಲಪ್ಪ. ಸ್ಟಿಂಗರ್ ಕ್ಷಿಪಣಿಯ ತೂಕ ಹತ್ತು ಕಿಲೋ ಆಸುಪಾಸು, ಸಿಡಿತಲೆ ಮೂರು ಕಿಲೋ. ಚಪಲ್‌ನ ಎರಡೂ ಬದಿಯ ದೊಡ್ಡ ಕೋಶಗಳನ್ನು ನೋಡಿದ್ದೀಯಲ್ಲ, ಒಟ್ಟು ನಾಲ್ಕು? ಅವುಗಳಲ್ಲಿ ಇರುತ್ತಿದ್ದದ್ದು ಹಡಗು ಮುಳುಗಿಸುವ ಸೋವಿಯತ್ ಕ್ಷಿಪಣಿ. ಒಂದೊಂದರ ತೂಕ ಸುಮಾರು ಎರಡೂವರೆ ಟನ್, ಸಿಡಿತಲೆಯೇ 450 ಕಿಲೋ ದಾಟುತ್ತಿತ್ತು. ಸ್ಟಿಂಗರ್ ಇಂಜಿನ್ನಿನ ಶಾಖ ಹುಡುಕುತ್ತದೆ, ಅದಕ್ಕೇ ಫ್ಲೇರ್‌ಗೆ ಮೋಸಹೋಗುತ್ತದೆ. ಹಡಗಿನ ಕ್ಷಿಪಣಿ ಸಾಮಾನ್ಯವಾಗಿ ರೇಡಾರ್ ನಂಬುತ್ತದೆ, ಅದನ್ನು ದಾರಿ ತಪ್ಪಿಸಲು ಗಾಳಿಯಲ್ಲಿ ಲೋಹದ ಸಣ್ಣ ಎಳೆಗಳನ್ನು ಚೆಲ್ಲುತ್ತಾರೆ. ಇನ್ನೊಂದು ಮಾತು: ಚಪಲ್ ನೌಕಾಪಡೆಗೆ ಸೇರಿದ್ದು 1976ರಲ್ಲಿ. 1971ರಲ್ಲಿ ಕರಾಚಿಯ ಮೇಲೆ ದಾಳಿ ಮಾಡಿದ್ದು ಇದೇ ಹಡಗು ಎಂದು ಯಾರಾದರೂ ಹೇಳಿದರೆ ಇಸವಿ ನೆನಪಿಸು.