ಗಾಳಿ ಮಳೆಗೂ ಬಗ್ಗದ ಫಲಕ

ಪ್ರಶ್ನೆ: ಪ್ರತಿಭಟನೆಗೆ ಡ್ರಾಯಿಂಗ್ ಶೀಟಿನಲ್ಲಿ ಫಲಕ ಬರೆದುಕೊಂಡು ಹೋಗಿದ್ದೆ. ಗಾಳಿಗೆ ಮಡಚಿಕೊಂಡಿತು, ತುಂತುರು ಮಳೆಗೆ ಅಕ್ಷರವೆಲ್ಲ ಇಳಿದುಹೋಯಿತು. ಮನೆಯಲ್ಲೇ ಗಟ್ಟಿ ಫಲಕ ಮಾಡೋದು ಹೇಗೆ?

ಉತ್ತರ: ನನ್ನ ಮೊದಲ ಫಲಕದ ಕಥೆಯೂ ಇದೇ. ವಾಪಸ್ ಬರುವಾಗ ಕೈಯಲ್ಲಿ ಬರೀ ಕೋಲು, ಅಂಗಿ ತುಂಬಾ ನೀಲಿ ಶಾಯಿ!

ಫ್ರಿಜ್ ಬಂದ ಡಬ್ಬದ ರಟ್ಟು ಸಾಕು. ಅದರ ಅಂಚು ನೋಡಿ, ಒಳಗೆ ಅಲೆ ಅಲೆಯಾಗಿ ಕಾಗದ ಇರುತ್ತೆ. ಆ ಅಲೆಗಳ ಗೆರೆಗುಂಟ ರಟ್ಟು ಸುಲಭವಾಗಿ ಮಡಚಿಕೊಳ್ಳುತ್ತದೆ, ಅಡ್ಡಕ್ಕೆ ಅಷ್ಟು ಬೇಗ ಮಡಚುವುದಿಲ್ಲ. ಹಾಗಾಗಿ ಎರಡು ತುಂಡು ತೆಗೆದುಕೊಳ್ಳಿ. ಒಂದರ ಗೆರೆ ನಿಂತಿರಲಿ, ಇನ್ನೊಂದರದ್ದು ಮಲಗಿರಲಿ. ನಡುವೆ ಕೋಲಿಟ್ಟು, ಅದು ಮೇಲಂಚಿನ ತನಕ ಹೋಗುವಂತೆ ನೋಡಿಕೊಂಡು ಅಂಟಿಸಿ. ಮೇಲೆ ದಪ್ಪ ಪುಸ್ತಕ ಹೇರಿ ರಾತ್ರಿಯಿಡೀ ಬಿಡಿ. ಸುತ್ತ ಅಗಲ ಟೇಪ್ ಹಾಕಿ, ನೀರು ನುಗ್ಗೋದು ಅಂಚಿನಿಂದಲೇ.

ಮಳೆ ಜಾಸ್ತಿ ಅನ್ನಿಸಿದರೆ ಒಳಗೆ ಟೊಳ್ಳಿರುವ ಪ್ಲಾಸ್ಟಿಕ್ ಶೀಟ್ ತನ್ನಿ. ಹಗುರ, ನೀರು ಕುಡಿಯಲ್ಲ. ಅದಕ್ಕೆ ಪರ್ಮನೆಂಟ್ ಮಾರ್ಕರ್ ಸರಿ. ಅಕ್ರಿಲಿಕ್ ಬಣ್ಣ ರಟ್ಟಿಗೆ ಚೆನ್ನ, ಪ್ಲಾಸ್ಟಿಕ್ಕಿನ ಮೇಲೆ ಚಕ್ಕೆ ಏಳಬಹುದು. ಸ್ಕೆಚ್ ಪೆನ್ ಮುಟ್ಟಲೇಬೇಡಿ. ಪ್ಲೈವುಡ್ಡೂ ಬೇಡ, ಒಂದು ಗಂಟೆ ಎತ್ತಿ ಹಿಡಿದು ನೋಡಿ, ಗೊತ್ತಾಗುತ್ತೆ.

ಕೆಲವು ಕಡೆ ಮರದ ಕೋಲಿಗೆ ಪೊಲೀಸರು ಬಿಡುವುದಿಲ್ಲ, ಮೊದಲೇ ವಿಚಾರಿಸಿ. ಬಟ್ಟೆ ಸುತ್ತಿ ಬರುವ ರಟ್ಟಿನ ಕೊಳವೆಯೂ ಆಗುತ್ತೆ. ಅಕ್ಷರ 3 ಇಂಚು ಎತ್ತರ ಇದ್ದರೆ 30 ಅಡಿ ದೂರದವರೂ ಆರಾಮಾಗಿ ಓದುತ್ತಾರೆ.