ಪೆಡಲ್ ಕಲ್ಲಾದರೆ ಬೂಸ್ಟರ್ ಬದಲಿಸಬೇಕೆ?

ಪ್ರಶ್ನೆ: ನನ್ನ ಹಳೆಯ ಪೆಟ್ರೋಲ್ ಕಾರಿನ ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದೆ. ತುಳಿದಾಗ ಕಾಲ ಬಳಿ ಗಾಳಿ ಸೋರುವ ಸದ್ದು ಕೇಳಿಸುತ್ತದೆ. ಸ್ಪ್ಯಾನರ್ ಹಿಡಿದು ಅಭ್ಯಾಸವಿದೆ. ಬೂಸ್ಟರನ್ನು ನಾನೇ ಬದಲಿಸಿಕೊಳ್ಳಬಹುದೇ?

ಉತ್ತರ: ಬದಲಿಸಿಕೊಳ್ಳಬಹುದು. ಆದರೆ ಅಲ್ಲಿಯವರೆಗೆ ದಯವಿಟ್ಟು ಕಾರನ್ನು ರಸ್ತೆಗೆ ಇಳಿಸಬೇಡಿ. ನಿಮ್ಮ ಕಾಲಿನ ಒತ್ತಿಗೆ ಬಲ ಕೂಡಿಸುವ ಬೂಸ್ಟರಿನೊಳಗೆ ಡಯಾಫ್ರಂ ಎಂಬ ರಬ್ಬರಿನ ಪೊರೆ ಇರುತ್ತದೆ. ಅದರ ಒಂದು ಬದಿಯ ಗಾಳಿಯನ್ನು ಎಂಜಿನ್ ಹೀರಿಕೊಂಡಿರುತ್ತದೆ. ನೀವು ಬ್ರೇಕ್ ತುಳಿದೊಡನೆ ಇನ್ನೊಂದು ಬದಿಗೆ ಹೊರಗಾಳಿ ನುಗ್ಗಿ ತಳ್ಳುತ್ತದೆ. 25 ಸೆಂಟಿಮೀಟರ್ ವ್ಯಾಸದ ಡಯಾಫ್ರಂ ಆದರೆ ಆ ಒತ್ತಡ 300 ಕಿಲೋ ಭಾರವನ್ನೂ ಮೀರಬಲ್ಲದು. ಈಗ ಅಷ್ಟೂ ಕೆಲಸ ನಿಮ್ಮ ಒಂದು ಕಾಲಿನ ಮೇಲೆ ಬಿದ್ದಿದೆ.

ಎಂಜಿನ್ ನಿಲ್ಲಿಸಿ ಪೆಡಲನ್ನು ಐದಾರು ಬಾರಿ ತುಳಿಯಿರಿ. ಕೊನೆಯ ಬಾರಿ ಒತ್ತಿಹಿಡಿದೇ ಎಂಜಿನ್ ಚಾಲೂ ಮಾಡಿ. ಪೆಡಲ್ ಕಾಲಡಿಯಲ್ಲಿ ತುಸು ಕೆಳಗಿಳಿಯಬೇಕು. ಇಳಿಯದಿದ್ದರೂ ಬೂಸ್ಟರಿಗೆ ಕೈಹಾಕುವ ಮೊದಲು ಎಂಜಿನ್‌ನಿಂದ ಬರುವ ಹೋಸ್ ಬಿರುಕು ಬಿಟ್ಟಿದೆಯೇ ನೋಡಿ. ಅದರಲ್ಲಿರುವ ವಾಲ್ವನ್ನು ಬಿಚ್ಚಿ ಊದಿ: ಬೂಸ್ಟರ್ ಕಡೆಯಿಂದ ಗಾಳಿ ಹೋಗಬೇಕು, ಎಂಜಿನ್ ಕಡೆಯಿಂದ ಹೋಗಕೂಡದು. ಹೋಸ್, ವಾಲ್ವ್ ಎರಡೂ ಸರಿಯಿದ್ದರೆ, ನೀವು ಹೇಳುವ ಸದ್ದನ್ನು ಕೇಳಿದರೆ ದೋಷ ಬೂಸ್ಟರಿನದೇ.

ಬೂಸ್ಟರಿನ ಮುಂದೆ ಕೂತು ಬ್ರೇಕ್ ಆಯಿಲನ್ನು ಚಕ್ರಗಳತ್ತ ಒತ್ತುವ ಮಾಸ್ಟರ್ ಸಿಲಿಂಡರಿನ ನಟ್‌ಗಳನ್ನು ಬಿಚ್ಚಿ, ಸಾಧ್ಯವಾದರೆ ಪೈಪುಗಳನ್ನು ಕಳಚದೆ, ಮಡಚದೆ ಮೆಲ್ಲಗೆ ಮುಂದಕ್ಕೆ ಸರಿಸಿ. ಅದರ ಹಿಂಬದಿಗೆ ಬೆರಳಾಡಿಸಿ. ಬೆರಳು ಒದ್ದೆಯಾದರೆ ಸಿಲಿಂಡರಿನ ಸೀಲ್ ಸೋರುತ್ತಿದೆ. ಡಯಾಫ್ರಂ ಕೆಡಿಸಿದ್ದು ಆ ಬ್ರೇಕ್ ಆಯಿಲೇ ಇರಬಹುದು. ಸಿಲಿಂಡರನ್ನೂ ಸರಿಪಡಿಸದಿದ್ದರೆ ಹೊಸ ಬೂಸ್ಟರಿಗೂ ಅದೇ ಗತಿ. ಬೂಸ್ಟರನ್ನು ಬಿಡಿಸಲು ಬಿಚ್ಚಬೇಕಾದ ಪೆಡಲಿನ ಪಿನ್ನು, ನಟ್‌ಗಳು ಡ್ಯಾಶ್‌ಬೋರ್ಡ್ ಕೆಳಗೆ ಇರುತ್ತವೆ. ಅಂಗಾತ ಮಲಗಿ ತಡಕಾಡಬೇಕು, ತಾಳ್ಮೆಯೊಂದಿದ್ದರೆ ಸಾಕು.

ನನಗೆ ಆತಂಕವಿರುವುದು ಪುಶ್ ರಾಡ್ ವಿಷಯದಲ್ಲಿ. ಬೂಸ್ಟರಿನಿಂದ ಹೊರಟು ಸಿಲಿಂಡರಿನ ಪಿಸ್ಟನ್ನನ್ನು ತಳ್ಳುವ ಸರಳು ಅದು. ಕೆಲಸ ಕಲಿಯುತ್ತಿದ್ದಾಗ ನಾನು ಅದನ್ನು ಅಳೆಯದೆಯೇ ಒಂದು ಬೂಸ್ಟರ್ ಕೂರಿಸಿದ್ದೆ. ಹೊರಟಾಗ ಬ್ರೇಕ್ ಬಹಳ ಚೆನ್ನಾಗಿತ್ತು. ಕೆಲವು ಕಿಲೋಮೀಟರ್ ಹೋಗುವಷ್ಟರಲ್ಲಿ ಕಾರು ಬಿಗಿಯತೊಡಗಿತು, ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ ಬಂತು. ಬಾನೆಟ್ ತೆರೆದು ಸಿಲಿಂಡರಿನ ಎರಡು ನಟ್‌ಗಳನ್ನು ಸ್ವಲ್ಪ ಸಡಿಲಿಸಿದೊಡನೆ ಚಕ್ರಗಳು ಬಿಟ್ಟುಕೊಂಡವು. ಸರಳು ಕೂದಲೆಳೆಯಷ್ಟು ಉದ್ದವಾಗಿತ್ತು. ಪಿಸ್ಟನ್ ಪೂರ್ತಿ ಹಿಂದೆ ಬರದೆ, ಬಿಸಿಯಾಗಿ ಹಿಗ್ಗಿದ ಆಯಿಲಿಗೆ ಡಬ್ಬಿಗೆ ಮರಳುವ ದಾರಿ ಮುಚ್ಚಿತ್ತು. ಗಿಡ್ಡವಾಗಿದ್ದರೆ ಪೆಡಲ್ ಅಷ್ಟು ದೂರ ಸುಮ್ಮನೆ ಇಳಿಯುತ್ತದೆ. ಹಾಗಾಗಿ ಸರಳಿಗೂ ಪಿಸ್ಟನ್ನಿಗೂ ನಡುವೆ ಇರಬೇಕೆಂದು ಸರ್ವಿಸ್ ಪುಸ್ತಕದಲ್ಲಿ ಕೊಟ್ಟಿರುವ ಅಂತರವನ್ನು ನೋಡಿಕೊಂಡು, ವರ್ನಿಯರ್ ಹಿಡಿದು ಅಳೆದೇ ಕೂರಿಸಿ.

ಪೈಪು ಕಳಚಿದ್ದರೆ ಒಳಸೇರಿದ ಏರ್ ತೆಗೆಯಲೇಬೇಕು. ಆಯಿಲ್ ಬಣ್ಣದ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ. ಕೊನೆಗೆ ಕಾರನ್ನು ಜ್ಯಾಕ್ ಮತ್ತು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬ್ರೇಕ್ ತುಳಿದು ಬಿಟ್ಟು, ಪ್ರತಿ ಚಕ್ರವನ್ನೂ ಕೈಯಿಂದ ತಿರುಗಿಸಿ ನೋಡಿ. ಹಿಂದಿನ ಬ್ರೇಕ್ ದೀಪ ಹೊತ್ತಿಕೊಂಡೇ ಉಳಿದಿಲ್ಲ ತಾನೇ ಎಂದು ಇನ್ನೊಬ್ಬರನ್ನು ನಿಲ್ಲಿಸಿ ಕೇಳಿ. ಮೊದಲ ಓಟ ನಿಧಾನವಾಗಿ, ವಾಹನಗಳಿಲ್ಲದ ಜಾಗದಲ್ಲಿ ಇರಲಿ. ಇಳಿದ ಮೇಲೆ ನಾಲ್ಕೂ ಚಕ್ರಗಳ ಹತ್ತಿರ ಅಂಗೈ ಹಿಡಿಯಿರಿ. ಯಾವುದಾದರೂ ಕಾವು ಕಾರುತ್ತಿದ್ದರೆ ಮತ್ತೆ ಸರಳನ್ನೇ ಅಳೆಯಿರಿ.