ನೆಲದಡಿಯ ಹೀಟ್ ಪಂಪ್ ಪದೇ ಪದೇ ಟ್ರಿಪ್ ಆಗುತ್ತಿದ್ದರೆ
ನೆಲದ ಶಾಖ ಎಳೆದು ಮನೆ ಬಿಸಿ ಮಾಡುವ ನಿಮ್ಮ ಹೀಟ್ ಪಂಪಿನಲ್ಲಿ ಎರಡನೇ ಚಳಿಗಾಲಕ್ಕೇ ಲೋ ಪ್ರೆಶರ್ ಟ್ರಿಪ್ (ಒಳಗಿನ ಗ್ಯಾಸಿನ ಒತ್ತಡ ಇಳಿದು ಮೆಷಿನ್ ತಾನೇ ನಿಲ್ಲುವುದು), ಜೊತೆಗೆ ಪೈಪಿನಲ್ಲಿ ಗುಳುಗುಳು ಸದ್ದು ಎಂದಿದ್ದೀರಿ. ಬಹುಮಟ್ಟಿಗೆ ಲೂಪಿಗೆ, ಅಂದರೆ ನೆಲದೊಳಗೆ ಹೋಗಿ ಬರುವ ನೀರಿನ ಪೈಪಿನ ಸುತ್ತಿಗೆ, ಗಾಳಿ ಸೇರಿ ಹರಿವು ಕುಗ್ಗಿದೆ. ಗ್ಯಾಸ್ ಸೋರಿದೆ ಅಂದುಕೊಂಡು ಈಗಲೇ ರೆಫ್ರಿಜರೆಂಟ್ ತುಂಬಿಸಬೇಡಿ.

ಮೆಷಿನ್ 15 ನಿಮಿಷ ಓಡಿದ ಮೇಲೆ ಲೂಪಿನಿಂದ ಬರುವ, ಲೂಪಿಗೆ ಹೋಗುವ ಪೈಪುಗಳ ಉಷ್ಣತೆ ಅಳೆಯಿರಿ. ವ್ಯತ್ಯಾಸ ಸಾಮಾನ್ಯವಾಗಿ 3–5 ಡಿಗ್ರಿ. 7 ದಾಟಿದರೆ ಹರಿವು ಸಾಲದು. ಪವರ್ ಆಫ್ ಮಾಡಿ, ವಾಲ್ವ್ ಮುಚ್ಚಿ, ಸ್ಟ್ರೈನರ್ (ಕಸ ಹಿಡಿಯುವ ಜಾಲರಿ) ಬಿಚ್ಚಿ ತೊಳೆಯಿರಿ. ಪೈಪ್ ಕೊರೆದಾಗಿನ ಪ್ಲಾಸ್ಟಿಕ್ ಸಿಪ್ಪೆ, ಮಣ್ಣು ಅಲ್ಲೇ ಕೂತಿರುತ್ತದೆ. ಆಮೇಲೆ ಫ್ಲಶ್ ಕಾರ್ಟ್ (ಜೋರು ಪಂಪಿರುವ ತಳ್ಳುಗಾಡಿ) ತರಿಸಿ, ಲೂಪಿನ ಪೈಪ್ ಇಳಿಸಿರುವ ಒಂದೊಂದೇ ಬೋರಿನ ವಾಲ್ವ್ ತೆರೆದು, ಸೆಕೆಂಡಿಗೆ ಕನಿಷ್ಠ 0.6 ಮೀಟರ್ ವೇಗದಲ್ಲಿ ಗುಳ್ಳೆ ನಿಲ್ಲುವವರೆಗೆ ಹರಿಸಬೇಕು. ಲೂಪಿನ ಮಾಮೂಲಿ ಪಂಪಿಗೆ ಅಷ್ಟು ಜೋರು ಇರುವುದಿಲ್ಲ.

ನಡುವೆ ಬರೀ ನೀರು ತುಂಬಿಸಿದ್ದರೆ ಎಚ್ಚರ: ನೀರು ಹೆಪ್ಪುಗಟ್ಟದಂತೆ ಬೆರೆಸುವ ಗ್ಲೈಕಾಲ್ ತೆಳುವಾದರೆ ಇವಾಪೊರೇಟರ್ (ಲೂಪಿನ ಶಾಖವನ್ನು ಗ್ಯಾಸಿಗೆ ದಾಟಿಸುವ ಭಾಗ) ಹೆಪ್ಪುಗಟ್ಟಿ ಒಡೆಯಬಹುದು, ಅದು ಇಡೀ ರಿಪೇರಿಯಲ್ಲೇ ದುಬಾರಿ. ಗ್ಲೈಕಾಲ್ ಎಷ್ಟಿದೆ ಎಂದು ರಿಫ್ರಾಕ್ಟೋಮೀಟರಿನಲ್ಲಿ (ಹನಿ ಹಾಕಿ ಸಾಂದ್ರತೆ ಓದುವ ಸಾಧನ) ನೋಡಿ. ಪ್ರೊಪಿಲೀನ್ ಗ್ಲೈಕಾಲ್ ಶೇ. 25 ಇದ್ದರೆ ಸುಮಾರು ಮೈನಸ್ 10 ಡಿಗ್ರಿವರೆಗೆ ಭಯವಿಲ್ಲ.

ವ್ಯತ್ಯಾಸ ಸರಿಯಿದ್ದೂ ಬರುವ ನೀರು ಹೋದ ವರ್ಷಕ್ಕಿಂತ ತೀರಾ ತಣ್ಣಗಿದ್ದರೆ ಬೋರಿನ ಉದ್ದವೇ ಕಮ್ಮಿಯಾಗಿರಬಹುದು. ಅದನ್ನು ಇಲ್ಲಿಂದ ಖಚಿತವಾಗಿ ಹೇಳಲಾಗದು. ಎರಡು ವಾರದ ಉಷ್ಣತೆ, ಬೋರಿನ ಒಟ್ಟು ಮೀಟರ್, ಮೆಷಿನ್ನಿನ ಕಿಲೋವ್ಯಾಟ್ ಇಲ್ಲಿ ಹಾಕಿ.